ಪ್ರಾಕ್ಸ್‌ಮಾಕ್ಸ್ ಏಳಲಿಲ್ವಾ? ಮತ್ತೆ ಇನ್‌ಸ್ಟಾಲ್ ಮಾಡೋ ಮುಂಚೆ ಕೇಬಲ್ ನೋಡಿ

ದಾವಣಗೆರೆ ಮಂಡಿಪೇಟೆಯ ಒಂದು ಹೋಲ್‌ಸೇಲ್ ಕಿರಾಣಿ ಅಂಗಡಿಯ ಅಟ್ಟದಲ್ಲಿ, ಬೆಲ್ಲದ ಪೆಂಟೆಗಳ ಪಕ್ಕ ಕೂತು, ನಾನು ಒಂದೇ ಸಂಜೆ ಪ್ರಾಕ್ಸ್‌ಮಾಕ್ಸ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಮೂರು ಸಲ ಇನ್‌ಸ್ಟಾಲ್ ಮಾಡಿದ್ದೇನೆ. ಮೂರು ಸಲವೂ ಇನ್‌ಸ್ಟಾಲ್ ಸರಿಯಾಗಿಯೇ ಆಗಿತ್ತು. ಮೂರು ಸಲವೂ, ಅದನ್ನು ನಡೆಸಲು ಬೇರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಬರಬೇಕಾದ ಪೇಜ್ ಬರಲಿಲ್ಲ. ಕೆಳಗಿನಿಂದ ಯಜಮಾನರು "ಏನವ್ವಾ, ಮತ್ತೆ ಮೊದ್ಲಿಂದನಾ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನದು ಹದಡಿ ರಸ್ತೆ ಕಡೆ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಟ್ಯಾಲಿ, ಬಿಲ್ಲಿಂಗ್, ಪ್ರಿಂಟರ್ ಕೆಲಸವೇ ಜಾಸ್ತಿ. ಈಚೆಗೆ ವ್ಯಾಪಾರಸ್ಥರು "ಒಂದೇ ಮಿಷಿನ್‌ನಲ್ಲಿ ಟ್ಯಾಲಿನೂ ಇರಲಿ, ಬ್ಯಾಕಪ್ಪೂ ಇರಲಿ" ಅನ್ನುತ್ತಾರೆ. ಅಂಥ ಕಡೆ ನಾನು ಪ್ರಾಕ್ಸ್‌ಮಾಕ್ಸ್ ಹಾಕುತ್ತೇನೆ. ವಿಯೆನ್ನಾದ ಕಂಪನಿಯೊಂದು 2008ರಿಂದ ಕೊಡುತ್ತಿರುವ ಸಾಫ್ಟ್‌ವೇರ್ ಇದು. ಒಳಗೆ ಇರುವುದು ಡೆಬಿಯನ್ ಲಿನಕ್ಸ್. ಅದರ ಮೇಲೆ ನಿಮಗೆ ಬೇಕಾದಷ್ಟು ವರ್ಚುವಲ್ ಸರ್ವರ್ (ಒಂದೇ ಮಿಷಿನ್‌ನೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ನಡೆಯುವವು) ಎಬ್ಬಿಸಬಹುದು, ಮಿಷಿನ್‌ಗೆ ತಾಕತ್ತು ಇರುವಷ್ಟು. ದುಡ್ಡು ಕೊಡದೆಯೂ ಬಳಸಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ. ಇನ್ನೊಂದು, ಇದು ಹಾರ್ಡ್‌ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಅಳಿಸಿಯೇ ಕೂರುವುದು. ವಿಂಡೋಸ್ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುವ ಜಾತಿ ಅಲ್ಲ. ಹಳೆಯ ಟ್ಯಾಲಿ ಡೇಟಾ ಅದೇ ಡಿಸ್ಕ್‌ನಲ್ಲಿದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಪೆನ್‌ಡ್ರೈವ್‌ನಿಂದಲೇ ಶುರುವಾಗದಿದ್ದರೆ ಹತ್ತರಲ್ಲಿ ಎಂಟು ಸಲ ತಪ್ಪು ಅದನ್ನು ತಯಾರು ಮಾಡಿದ ರೀತಿಯಲ್ಲೇ ಇರುತ್ತದೆ. ಇದು ನನ್ನ ಲೆಕ್ಕ, ಯಾರೂ ಎಣಿಸಿದ್ದಲ್ಲ. ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಅನ್ನೋ ಟೂಲ್ ಬಳಸುವವರು ಡಿಡಿ ಇಮೇಜ್ ಮೋಡ್ ಆರಿಸಬೇಕು. ನಡುವೆ ಅದು ಬೇರೆ ಗ್ರಬ್ (ಲಿನಕ್ಸ್ ಎಬ್ಬಿಸುವ ಸಣ್ಣ ಪ್ರೋಗ್ರಾಂ) ಇಳಿಸಿಕೊಳ್ಳಲಾ ಅಂತ ಕೇಳಿದರೆ ಬೇಡ ಅನ್ನಿ. ಯುನೆಟ್‌ಬೂಟಿನ್ ಇದಕ್ಕೆ ಆಗುವುದಿಲ್ಲ. ಎಚರ್‌ನಲ್ಲಿ ಈ ತಲೆನೋವು ಇಲ್ಲ, ಫೈಲ್ ತೋರಿಸಿದರೆ ಸುಮ್ನೆ ಬರೆದುಬಿಡುತ್ತದೆ. ಇಳಿಸಿಕೊಂಡ ಫೈಲೇ ಅರ್ಧಂಬರ್ಧ ಆಗಿದ್ದರೆ ಯಾವ ಟೂಲ್ ಏನು ಮಾಡೀತು? ಡೌನ್‌ಲೋಡ್ ಪೇಜ್‌ನಲ್ಲಿ ಎಸ್‌ಎಚ್‌ಎ 256 ಅಂತ ಉದ್ದನೆಯ ನಂಬರ್ ಕೊಟ್ಟಿರುತ್ತಾರೆ. ನಿಮ್ಮ ಫೈಲ್‌ನದೂ ಅದೇ ನಂಬರ್ ಬರುತ್ತದಾ ಅಂತ ತಾಳೆ ನೋಡಿ.

ಇನ್‌ಸ್ಟಾಲ್ ಮೆನು ಬಂದು, ಆಮೇಲೆ ಸ್ಕ್ರೀನ್ ಕಪ್ಪಾದರೆ ಅದು ಗ್ರಾಫಿಕ್ಸ್ ಕಾರ್ಡ್‌ನ ತಕರಾರು. ಮೆನುವಿನಲ್ಲಿ ಟರ್ಮಿನಲ್ ಯುಐ ಅಂತ, ಬರೀ ಅಕ್ಷರಗಳ ಸ್ಕ್ರೀನ್‌ನ ಇನ್ನೊಂದು ಆಯ್ಕೆ ಇದೆ, ಅದರಲ್ಲಿ ಹೋಗಿ. ಅದೂ ಕೈಕೊಟ್ಟರೆ ಮೆನುವಿನ ಮೇಲೆ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಅಂತ ಸೇರಿಸಿ, ಎಫ್10 ಒತ್ತಿ.

ಈಗ ಆ ಅಟ್ಟದ ಕಥೆಗೆ ಬರೋಣ.

ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಸ್ವಿಚ್ ಇದ್ದದ್ದು ಕೆಳಗೆ, ಗಲ್ಲಾಪೆಟ್ಟಿಗೆ ಹಿಂದೆ. ಅಟ್ಟಕ್ಕೆ ಇನ್ನೂ ಕೇಬಲ್ ಎಳೆದಿರಲಿಲ್ಲ. "ಕೇಬಲ್ ಆಮೇಲೆ ಹಾಕಿದರಾಯಿತು" ಅಂದುಕೊಂಡು ಇನ್‌ಸ್ಟಾಲ್ ಶುರು ಮಾಡಿದೆ. ನೆಟ್‌ವರ್ಕ್ ಪುಟದಲ್ಲಿ ತಾನೇ ತುಂಬಿಕೊಂಡು ಬಂದ ಅಡ್ರೆಸ್ 192.168.100.2. ನಾನು ನೆಕ್ಸ್ಟ್ ಒತ್ತಿದೆ. ಆ ಅಂಗಡಿಯ ರೂಟರ್‌ನ ಅಡ್ರೆಸ್ 192.168.1.1, ಅಂದರೆ ಎರಡೂ ಬೇರೆ ಬೇರೆ ನೆಟ್‌ವರ್ಕ್. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು, ಪೇಜ್ ಬರಲಿಲ್ಲ.

ಈ 192.168.100.2 ಕಂಡರೆ ಅಲ್ಲೇ ನಿಲ್ಲಬೇಕಿತ್ತು. ರೂಟರ್‌ನಿಂದ ಯಾವ ಅಡ್ರೆಸ್ಸೂ ಸಿಗದಿದ್ದಾಗ ಇನ್‌ಸ್ಟಾಲರ್ ತಾನೇ ಬರೆದುಕೊಳ್ಳುವ ಅಡ್ರೆಸ್ ಅದು. ಅಂದರೆ ಕೇಬಲ್ ಇಲ್ಲ, ಇಲ್ಲವೇ ಕೇಬಲ್ ಸತ್ತಿದೆ ಅಂತ ಅದು ನಮಗೆ ಹೇಳುತ್ತಿರುತ್ತದೆ. ಅಂಗಡಿಯ ನೆಟ್‌ವರ್ಕೇ 192.168.100ರಲ್ಲಿ ಇದ್ದರೆ ಮಾತು ಬೇರೆ.

ಎರಡನೇ ಸಲ ಬುದ್ಧಿ ಬಂತು, ಅರ್ಧ. 192.168.1.50/24 ಅಂತ ಹಾಕಿದೆ, ಗೇಟ್‌ವೇ, ಅಂದರೆ ರೂಟರ್, 192.168.1.1. ಮುಗಿದ ಮೇಲೆ ಕೆಳಗಿನಿಂದ ಕೇಬಲ್ ಎಳೆಸಿ ಮಿಷಿನ್ ಹಿಂದೆ ಚುಚ್ಚಿದೆ. ಸ್ವಿಚ್‌ನಲ್ಲಿ ಹಸಿರು ಲೈಟ್ ಬಂತು. ಪೇಜ್ ಮಾತ್ರ ಬರಲಿಲ್ಲ. ಇದೇ ಅಡ್ರೆಸ್ ಇನ್ಯಾವುದೋ ಪ್ರಿಂಟರ್‌ಗೆ ಇರಬೇಕು ಅಂತ ಮೂರನೇ ಸಲ ಕೊನೆಗೆ 50ರ ಬದಲು 60 ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ಮತ್ತೆ ಅದೇ ಹಾಡು. ಅಷ್ಟು ಹೊತ್ತಿಗೆ ಹುಡುಗ ಮಿರ್ಚಿ ಮಂಡಕ್ಕಿ ತಂದಿಟ್ಟ. ತಿನ್ನುತ್ತಾ ಮಿಷಿನ್‌ನ ಹಿಂಭಾಗ ನೋಡುತ್ತಾ ಕೂತಾಗ ಕಣ್ಣಿಗೆ ಬಿತ್ತು. ಕೇಬಲ್ ಚುಚ್ಚುವ ತೂತು ಎರಡಿವೆ! ಒಂದು ಮದರ್‌ಬೋರ್ಡಿನದು. ಇನ್ನೊಂದು ಹಿಂದಿನ ಯಾರೋ ಹಾಕಿಸಿದ್ದ ಕಾರ್ಡ್‌ನದು.

ಮಾನಿಟರ್ ಮುಂದೆ ರೂಟ್ ಅಂತ ಲಾಗಿನ್ ಆಗಿ ಐಪಿ, ಒಂದು ಸ್ಪೇಸ್, ಎ ಅಂತ ಹೊಡೆದೆ. ನಾನು ಆರಿಸಿದ್ದ ಕಾರ್ಡ್‌ನ ಮುಂದೆ ನೋ ಕ್ಯಾರಿಯರ್ ಅಂತ ಇತ್ತು. ಆ ತೂತಿಗೆ ಕೇಬಲ್ಲೇ ಬಂದಿಲ್ಲ ಅಂತ ಅರ್ಥ. ಇನ್‌ಸ್ಟಾಲ್ ಮಾಡಿದ್ದು ಒಂದು ಕಾರ್ಡ್‌ಗೆ, ಕೇಬಲ್ ಹಾಕಿದ್ದು ಇನ್ನೊಂದಕ್ಕೆ. ಎಣ್ಣೆ ಕೈ ಒರೆಸಿಕೊಂಡು ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕಿದೆ. ಪೇಜ್ ಬಂತು. ಹತ್ತು ಸೆಕೆಂಡಿನ ಕೆಲಸಕ್ಕೆ ನಾಲ್ಕು ಗಂಟೆ ಹೋಗಿತ್ತು.

ಹಾಗಾಗಿ ನೀವು ಕೇಬಲ್ ಹಾಕಿಯೇ ಇನ್‌ಸ್ಟಾಲ್ ಶುರು ಮಾಡಿ. ಆಗ ಕಾರ್ಡ್‌ಗಳ ಪಟ್ಟಿಯಲ್ಲಿ ಜೀವ ಇರುವ ಕಾರ್ಡ್‌ನ ಹೆಸರಿಗೆ ಒಂದು ದುಂಡು ಚುಕ್ಕೆ ಬರುತ್ತದೆ. ಅದನ್ನೇ ಆರಿಸಿ. ವೈಫೈ ಮೇಲೆ ಮಾಡುತ್ತೇನೆ ಅಂತ ಹೊರಡಬೇಡಿ. ಒಳಗಿನ ವರ್ಚುವಲ್ ಸರ್ವರ್‌ಗಳೂ ಅದೇ ಕಾರ್ಡ್ ಮೂಲಕ ಹೊರಗೆ ಹೋಗಲಿ ಅಂತ ಪ್ರಾಕ್ಸ್‌ಮಾಕ್ಸ್ ನೆಟ್‌ವರ್ಕ್‌ಗೆ ಬ್ರಿಡ್ಜ್ ಕಟ್ಟುತ್ತದೆ, ಬಹಳಷ್ಟು ವೈಫೈ ಕಾರ್ಡ್‌ಗಳು ಆ ಬ್ರಿಡ್ಜ್‌ಗೆ ಒಗ್ಗುವುದಿಲ್ಲ.

ಇನ್‌ಸ್ಟಾಲ್ ಮುಗಿದೂ ಪೇಜ್ ಬರದಿದ್ದರೆ ಮೊದಲು ಸರ್ವರ್‌ನಿಂದ ರೂಟರ್‌ಗೆ ಪಿಂಗ್ ಮಾಡಿ, ಅಂದರೆ ಕರೆದು ಉತ್ತರ ಬರುತ್ತದಾ ನೋಡಿ. ಅದು ಆಗದಿದ್ದರೆ ಕೇಬಲ್, ಕಾರ್ಡ್, ಅಡ್ರೆಸ್ ಮೂರರಲ್ಲಿ ಒಂದು. ಉತ್ತರ ಬಂದರೆ, ಮುಂದೆ ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ಪಿಂಗ್. ಇಲ್ಲಿ ಸಿಕ್ಕಿಬಿದ್ದರೆ ನಿಮ್ಮ ಲ್ಯಾಪ್‌ಟಾಪ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದೆಯಾ ನೋಡಿ. ನನಗೆ ಇದೂ ಆಗಿದೆ, ನಗಬೇಡಿ. ಎರಡೂ ಸರಿ ಇದ್ದರೆ ಮಾತ್ರ ಬ್ರೌಸರ್ ಕಡೆ ನೋಡಿ. ಎಚ್‌ಟಿಟಿಪಿಎಸ್ ಅಂತ ಎಸ್ ಸೇರಿಸಿಯೇ ಬರೆಯಬೇಕು. ಸರ್ವರ್ ಅಡ್ರೆಸ್‌ನ ಕೊನೆಗೆ ಕೋಲನ್ ಹಾಕಿ 8006 ಬರೆಯಬೇಕು. ಈ ಜಾಗ ಸುರಕ್ಷಿತವಲ್ಲ ಅಂತ ಬ್ರೌಸರ್ ಹೆದರಿಸುತ್ತದೆ. ಸರ್ಟಿಫಿಕೇಟ್ ಅನ್ನು ಸರ್ವರ್ ತಾನೇ ಮಾಡಿಕೊಂಡಿದ್ದಕ್ಕೆ ಹಾಗೆ. ನಿಮ್ಮದೇ ಅಂಗಡಿಯ ಒಳಗಿನ ನೆಟ್‌ವರ್ಕ್ ಆದ್ದರಿಂದ ಮುಂದುವರಿಯಬಹುದು.

ಪಿಂಗ್ ಬರುತ್ತದೆ, ಪೇಜ್ ಬರುವುದಿಲ್ಲ ಅಂದರೆ ಸರ್ವರ್‌ನಲ್ಲಿ ಹೋಸ್ಟ್ಸ್ ಫೈಲ್ ತೆರೆಯಿರಿ. ಇಟಿಸಿ ಫೋಲ್ಡರ್ ಒಳಗೆ ಇರುತ್ತದೆ. ಅದರಲ್ಲಿ ಸರ್ವರ್‌ನ ಹೆಸರಿನ ಎದುರು ಅದರ ನಿಜವಾದ ಅಡ್ರೆಸ್ ಇರಬೇಕು. 127ರಿಂದ ಶುರುವಾಗುವುದು (ಮಿಷಿನ್ ತನ್ನನ್ನೇ ಕರೆದುಕೊಳ್ಳುವ ಅಡ್ರೆಸ್) ಇದ್ದರೆ ಪ್ರಾಕ್ಸ್‌ಮಾಕ್ಸ್‌ನ ಪಿವಿಇ ಕ್ಲಸ್ಟರ್ ಅನ್ನೋ ಸರ್ವಿಸ್ ಏಳುವುದಿಲ್ಲ. ಅದು ಏಳದಿದ್ದರೆ ಪೇಜೂ ಸರಿಯಾಗಿ ಬರುವುದಿಲ್ಲ. ಖಾಲಿ ಡೆಬಿಯನ್ ಹಾಕಿ ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಕೂರಿಸುವವರು ಇಲ್ಲೇ ಎಡವುವುದು.

ಇದೇ ಫೈಲ್ ಇನ್ನೊಂದು ಕಡೆಯೂ ದಾರಿ ತಪ್ಪಿಸುತ್ತದೆ. ಸರ್ವರ್ ಶುರುವಾದಾಗ ಮಾನಿಟರ್ ಮೇಲೆ "ಈ ಅಡ್ರೆಸ್‌ಗೆ ಹೋಗಿ" ಅಂತ ಬರುತ್ತದಲ್ಲ, ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಹೋಸ್ಟ್ಸ್ ಫೈಲ್‌ನಲ್ಲಿ ಬರೆದಿರುವ ಅಡ್ರೆಸ್, ಕಾರ್ಡ್ ಮೇಲೆ ನಿಜವಾಗಿ ಇರುವ ಅಡ್ರೆಸ್ ಅಲ್ಲ. ವಿನೋಬನಗರದ ಒಬ್ಬ ಗಿರಾಕಿ ಇಂಟರ್‌ನೆಟ್ ಕಂಪನಿ ಬದಲಿಸಿದರು. ಹೊಸ ರೂಟರ್ 192.168.29.1 ಅಂತ ಬಂತು, ಸರ್ವರ್ ಇನ್ನೂ ಹಳೆಯ ಬೀದಿಯಲ್ಲೇ ಕೂತಿತ್ತು. ಅಡ್ರೆಸ್ ಬದಲಿಸಬೇಕಾದದ್ದು ಎರಡು ಕಡೆ. ಒಂದು, ಇಟಿಸಿಯೊಳಗಿನ ನೆಟ್‌ವರ್ಕ್ ಫೋಲ್ಡರ್‌ನ ಇಂಟರ್‌ಫೇಸಸ್ ಫೈಲ್, ಇಲ್ಲಿ ಗೇಟ್‌ವೇ ಕೂಡ. ಇನ್ನೊಂದು ಈ ಹೋಸ್ಟ್ಸ್. ವೆಬ್‌ಸೈಟ್ ಹೆಸರಿನಿಂದ ಅಡ್ರೆಸ್ ಹುಡುಕುವ ಡಿಎನ್‌ಎಸ್‌ಗೆ ಹಳೆಯ ರೂಟರ್ ಹಾಕಿದ್ದರೆ ಇಟಿಸಿಯೊಳಗಿನ ರಿಸಾಲ್ವ್ ಡಾಟ್ ಕಾನ್ಫ್ ಫೈಲ್ ಕೂಡ ತಿದ್ದಬೇಕು. ಆಮೇಲೆ ಒಂದು ರೀಬೂಟ್.

ಪೇಜ್ ಬಂದು, ಪಾಸ್‌ವರ್ಡ್ ಸರಿ ಇದ್ದೂ ಒಳಗೆ ಬಿಡದಿದ್ದರೆ ಕೆಳಗಿನ ರೆಲ್ಮ್ ಅನ್ನೋ ಜಾಗದಲ್ಲಿ ಲಿನಕ್ಸ್ ಪ್ಯಾಮ್ ಇದೆಯಾ ನೋಡಿ. ಇನ್‌ವ್ಯಾಲಿಡ್ ಪಿವಿಇ ಟಿಕೆಟ್ ಅಂದರೆ ಗಡಿಯಾರ ನೋಡಿ. ಡೇಟ್ ಅಂತ ಕಮಾಂಡ್ ಹೊಡೆದರೆ ಸಾಕು.

ಗಡಿಯಾರ ಅಂದ ತಕ್ಷಣ ಆ ಅಟ್ಟದ ಮಿಷಿನ್ನೇ ಮತ್ತೆ ನೆನಪಾಗುತ್ತದೆ. ಮೂರನೇ ಇನ್‌ಸ್ಟಾಲೇ ಉಳಿಯಿತು, ಅದರೊಳಗೆ ವರ್ಚುವಲ್ ಸರ್ವರ್ ಆಗಿ ವಿಂಡೋಸ್ ಎದ್ದಿತು, ಟ್ಯಾಲಿ ಓಡಿತು. ನಾನು ಮನೆಗೆ ಹೋದೆ. ಬೆಳಿಗ್ಗೆ ಒಂಬತ್ತಕ್ಕೆ ಫೋನ್. "ತಂಗೀ, ನಿನ್ನ ಡಬ್ಬಿ ಎಫ್1 ಒತ್ತು ಅಂತ ಕೇಳ್ತಾ ನಿಂತೈತಿ." ಹೋಗಿ ಎಫ್1 ಒತ್ತಿದೆ. ಪ್ರಾಕ್ಸ್‌ಮಾಕ್ಸ್ ಎದ್ದಿತು, ವಿಂಡೋಸ್ ಏಳಲಿಲ್ಲ. ಕೆವಿಎಂ ವರ್ಚುವಲೈಸೇಷನ್ ನಾಟ್ ಅವೈಲಬಲ್ ಅಂತ ಕೆಂಪು ಸಾಲು. ಕೆವಿಎಂ ಅಂದರೆ ವರ್ಚುವಲ್ ಸರ್ವರ್ ನಡೆಸುವ ಲಿನಕ್ಸ್‌ನ ಭಾಗ. ಹಿಂದಿನ ದಿನ ಬಯೋಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗೆ ಹೋಗಿ, ಅದಕ್ಕೆ ಬೇಕಾದ ಇಂಟೆಲ್ ವಿಟಿ ಆನ್ ಮಾಡಿದ್ದು ನಾನೇ. ಈಗ ನೋಡಿದರೆ ಆಫ್ ಆಗಿದೆ, ತಾರೀಖು 2013 ತೋರಿಸುತ್ತಿದೆ.

ಮಂಡಿಪೇಟೆಯಲ್ಲಿ ರಾತ್ರಿ ಬೀಗ ಹಾಕುವಾಗ ಮೇನ್ ಸ್ವಿಚ್ ಇಳಿಸಿಯೇ ಹೋಗುವುದು. ಮಿಷಿನ್ ಒಳಗಿನ ಬಿಲ್ಲೆ ಸೆಲ್ ಸತ್ತಿತ್ತು. ಕರೆಂಟ್ ಇರುವ ತನಕ ಬಯೋಸ್ ಎಲ್ಲ ನೆನಪಿಟ್ಟುಕೊಂಡಿತ್ತು, ಮೇನ್ ಇಳಿದ ತಕ್ಷಣ ಮರೆಯಿತು. ಮೀಟರ್ ಇಟ್ಟರೆ 3 ವೋಲ್ಟ್ ಇರಬೇಕಾದ ಸೆಲ್ 1.9 ತೋರಿಸಿತು. ಸಿಆರ್ 2032 ಅಂತ ಕೇಳಿದರೆ ಯಾವ ವಾಚ್ ಅಂಗಡಿಯಲ್ಲೂ ಕೊಡುತ್ತಾರೆ. ಒಂದು ಬೆಣ್ಣೆ ದೋಸೆಗಿಂತ ಕಡಿಮೆ ದುಡ್ಡು. ಸೆಕೆಂಡ್‌ಹ್ಯಾಂಡ್ ಮಿಷಿನ್ ತಂದರೆ ಈಗ ನಾನು ಮೊದಲು ಮಾಡುವ ಕೆಲಸವೇ ಸೆಲ್ ಬದಲಿಸುವುದು. ಎಎಂಡಿ ಮಿಷಿನ್ ಆದರೆ ಬಯೋಸ್‌ನಲ್ಲಿ ವಿಟಿ ಬದಲು ಎಸ್‌ವಿಎಂ ಅಂತ ಇರುತ್ತದೆ. ಇನ್‌ಸ್ಟಾಲ್ ಶುರುವಿನಲ್ಲೇ ಕೆವಿಎಂ ಸಿಗಲಿಲ್ಲ ಅಂತ ಒಂದು ಎಚ್ಚರಿಕೆ ಬರುತ್ತದೆ. ಓಕೆ ಒತ್ತಿ ಮುಂದೆ ಹೋಗಬಹುದು, ಆದರೆ ಹೋಗಬೇಡಿ.

ಒಳಗೆ ಹೋದ ಮೇಲೆ ಅಪ್‌ಡೇಟ್ ಮಾಡಿದರೆ 401 ಅನ್ನೋ ಎರರ್ ಬರುತ್ತದೆ. ಗಾಬರಿ ಬೇಡ, ಏನೂ ಕೆಟ್ಟಿಲ್ಲ. ದುಡ್ಡು ಕಟ್ಟಿದವರ ರೆಪೊಸಿಟರಿ (ಅಪ್‌ಡೇಟ್ ಇಡುವ ಉಗ್ರಾಣ) ಕಡೆ ಅದು ಕೈ ಚಾಚಿರುತ್ತದೆ. ಅಪ್‌ಡೇಟ್ಸ್ ಕೆಳಗೆ ರೆಪೊಸಿಟರೀಸ್ ಅಂತ ಇದೆ. ಅಲ್ಲಿ ಎಂಟರ್‌ಪ್ರೈಸ್ ಅಂತ ಇರುವುದನ್ನೆಲ್ಲ ಡಿಸೇಬಲ್ ಮಾಡಿ, ಸೆಫ್ ಅನ್ನುವುದರದ್ದೂ ಸೇರಿದಂತೆ. ಆಮೇಲೆ ನೋ ಸಬ್‌ಸ್ಕ್ರಿಪ್ಷನ್ ಅನ್ನುವುದನ್ನು ಆಡ್ ಮಾಡಿ. ಫೈಲ್ ನಾಟ್ ವ್ಯಾಲಿಡ್ ಯೆಟ್ ಅಂತ ಬಂದರೆ ಮತ್ತೆ ಗಡಿಯಾರದ್ದೇ ತಕರಾರು. ವರ್ಚುವಲ್ ಸರ್ವರ್‌ಗೆ ವಿಂಡೋಸ್ ಹಾಕುವಾಗ ಡಿಸ್ಕೇ ಕಾಣದಿದ್ದರೆ ವರ್ಟ್‌ಐಒ ಡ್ರೈವರ್‌ನ ಐಎಸ್‌ಒ (ಸಿಡಿಯ ನಕಲು ಫೈಲ್) ಅನ್ನು ಎರಡನೇ ಸಿಡಿಯಾಗಿ ಕೊಟ್ಟು, ಲೋಡ್ ಡ್ರೈವರ್ ಒತ್ತಿ.

ಇನ್ನು ಆ ಮೇನ್ ಸ್ವಿಚ್. ಓಡುತ್ತಿರುವ ಸರ್ವರ್‌ಗೆ ಹಾಗೆ ಕರೆಂಟ್ ಕಿತ್ತರೆ ಒಂದಲ್ಲ ಒಂದು ದಿನ ಡೇಟಾ ಹಾಳಾಗುವುದೇ. ಯುಪಿಎಸ್ ಇಟ್ಟರೂ ರಾತ್ರಿಯೆಲ್ಲ ಅದು ತಡೆಯುವುದಿಲ್ಲ. ಯಜಮಾನರಿಗೆ ಲಿನಕ್ಸ್ ಕಮಾಂಡ್ ಕಲಿಸಲು ಆಗುತ್ತದಾ? ಪವರ್ ಬಟನ್ ಒಂದು ಸಲ ಒತ್ತಿ ಬಿಟ್ಟರೆ ಪ್ರಾಕ್ಸ್‌ಮಾಕ್ಸ್ ತಾನೇ ಒಳಗಿನ ವಿಂಡೋಸ್‌ಗೆ ಹೇಳಿ, ಅದು ಮುಚ್ಚಿದ ಮೇಲೆ ತಾನು ಮುಚ್ಚುತ್ತದೆ. ಬೆಳಿಗ್ಗೆ ತಾನೇ ಏಳಲಿ ಅಂತ ವಿಂಡೋಸ್‌ಗೆ ಸ್ಟಾರ್ಟ್ ಅಟ್ ಬೂಟ್ ಹಾಕಿದ್ದೇನೆ. ಬಯೋಸ್‌ನಲ್ಲಿ ಕರೆಂಟ್ ಬಂದ ತಕ್ಷಣ ಆನ್ ಆಗುವ ಆಯ್ಕೆಯನ್ನೂ ಹಾಕಿದ್ದೇನೆ. ಈಗ ಗುಮಾಸ್ತರು ಎಂಟೂವರೆಗೆ ಅಟ್ಟ ಹತ್ತಿ, ಬಟನ್ ಒತ್ತಿ, ಲೈಟ್ ಆರುವ ತನಕ ಬೆಲ್ಲದ ಪೆಂಟೆ ಎಣಿಸಿಕೊಂಡು ಇಳಿಯುತ್ತಾರೆ. ಆಮೇಲೆ ಮೇನ್.