ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಹೀಗೆ ಸರಿಹೋಯಿತು

ಸೆಕೆಂಡ್ ಪಿಯುಸಿಯಲ್ಲಿ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದೆ. ರಾತ್ರಿ ಒಂದರವರೆಗೆ ಓದು, ಪುಸ್ತಕದ ತುಂಬಾ ಹಳದಿ ಗೆರೆ. ಆದರೂ ಫಿಸಿಕ್ಸ್ ಪ್ರಿಪರೇಟರಿಯಲ್ಲಿ 70ಕ್ಕೆ 24. ಗೊತ್ತಿಲ್ಲದ ರೆಸಿಸ್ಟೆನ್ಸ್ ಕಂಡುಹಿಡಿಯುವ ಸರ್ಕ್ಯೂಟ್ ಆದ ವೀಟ್‌ಸ್ಟೋನ್ ಬ್ರಿಡ್ಜ್ ಹತ್ತು ಸಲ ಓದಿದ್ದೆ, ಬರೆಯಲು ಕೂತರೆ ಚಿತ್ರ ಬಿಟ್ಟು ಬೇರೇನೂ ನೆನಪಾಗಲಿಲ್ಲ.

ತಪ್ಪು ಗೊತ್ತಾಗಿದ್ದು ಪಕ್ಕದ ರೂಮಿನ ಅಣ್ಣ ಗಿರಮಿಟ್ ತಿನ್ನುತ್ತಾ, 'ಪುಸ್ತಕ ಮುಚ್ಚಿ ಹೇಳು ನೋಡೋಣ' ಅಂದಾಗ. ನಾನು ಗಪ್‌ಚುಪ್. ಮತ್ತೆ ಮತ್ತೆ ಓದಿದರೆ ಪುಟದ ಪರಿಚಯ ಆಗುತ್ತದೆ ಅಷ್ಟೇ, ಅದನ್ನೇ ನಾವು 'ಬಂತು' ಅಂದುಕೊಳ್ಳುತ್ತೇವೆ, ಅಲ್ವಾ?

ಅವತ್ತಿಂದ ಒಂದು ಸಲ ಓದಿ, ಪುಸ್ತಕ ಮುಚ್ಚಿ, ರಫ್ ನೋಟ್‌ಬುಕ್‌ನಲ್ಲಿ ನೆನಪಿದ್ದಷ್ಟು ಬರೆದು, ಬಿಟ್ಟಿದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿಸಲು ಶುರು ಮಾಡಿದೆ. ಮೊದಲ ದಿನ ಪುಟವೆಲ್ಲಾ ಕೆಂಪು. ಸರ್ಕ್ಯೂಟ್‌ನ ಕರೆಂಟ್, ವೋಲ್ಟೇಜ್ ಲೆಕ್ಕಕ್ಕೆ ಕಿರ್ಚಾಫ್ ನಿಯಮ ಹಾಕುವಾಗ ಪ್ಲಸ್ ಮೈನಸ್ ಎಲ್ಲಿ ತಪ್ಪುತ್ತಿದ್ದೆ ಅಂತ ಆಗಲೇ ಕಂಡಿದ್ದು. ಅದೇ ಪಾಠ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬರೆಯುತ್ತಿದ್ದೆ. ಕಲಿತದ್ದು ಮೊದಲ ದಿನವೇ ಜಾಸ್ತಿ ಮರೆಯುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದನಂತೆ, ನನಗೆ ಯಾರೂ ಹೇಳಿರಲಿಲ್ಲ!

ಭಾನುವಾರ ಮೊಬೈಲ್ ಕೆಳಗಿನ ಮನೆಯ ಅಜ್ಜಿಗೆ ಕೊಟ್ಟು, ಹಳೇ ಪ್ರಶ್ನೆಪತ್ರಿಕೆಗೆ ಮೂರು ತಾಸು ಕೂರುತ್ತಿದ್ದೆ. ನಿದ್ದೆ ಮಾತ್ರ ಹನ್ನೊಂದಕ್ಕೇ. ವಾರ್ಷಿಕ ಪರೀಕ್ಷೆಯಲ್ಲಿ 58 ಬಂತು. ಹಳದಿ ಪೆನ್ನು ಈಗ ತಂಗಿ ರಂಗೋಲಿ ಪುಸ್ತಕಕ್ಕೆ ಬಳಸುತ್ತಾಳೆ.