ನಕ್ಷತ್ರ ನಾಳೆ ಕೊಡಿ, ಒಂದು ಸಾಲು ಇಂದೇ ಬರೆಯಿರಿ

ನೋಡಿದ ಸಿನಿಮಾ, ಓದಿದ ಪುಸ್ತಕಗಳ ಲೆಕ್ಕ ಇಡುವ ಹುಚ್ಚು ನಿಮಗೂ ಇದೆಯೇ? ಹಾಗಾದರೆ ಅವಕ್ಕೆ ಐದಕ್ಕೆ ಇಷ್ಟು ಎಂದು ನಕ್ಷತ್ರ ಕೊಡುವುದನ್ನು ಮರುದಿನಕ್ಕೆ ಬಿಡಿ. ಮುಗಿದ ಬಿಸಿಯಲ್ಲೇ ನಾನು ಐದು ಕೊಟ್ಟ ಎಷ್ಟೋ ಚಿತ್ರಗಳ ಕಥೆ ಈಗ ಹೆಸರು ನೋಡಿದರೂ ನೆನಪಾಗುವುದಿಲ್ಲ. ಅಂದೇ ಬರೆಯಬೇಕಾದದ್ದು ಒಂದೇ ಸಾಲು, ಅದೂ ಅಭಿಪ್ರಾಯವಲ್ಲ. ‘ಮಳೆಯಲ್ಲಿ ಚಪ್ಪಲಿ ನೆನೆಯಿತು, ಅಕ್ಕ ಮಧ್ಯದಲ್ಲೇ ನಿದ್ದೆ ಹೋದಳು’ ಎಂಬ ಹಳೆಯ ಟಿಪ್ಪಣಿ ಇಡೀ ಸಂಜೆಯನ್ನೇ ಮರಳಿ ತರುತ್ತದೆ. ‘ಚೆನ್ನಾಗಿದೆ’ ಎಂಬುದು ಏನನ್ನೂ ತರುವುದಿಲ್ಲ. ಅರ್ಧಕ್ಕೆ ಬಿಟ್ಟದ್ದನ್ನೂ ಬರೆದಿಡಿ, ನಾಚಿಕೆ ಬೇಡ.

ಸಿನಿಮಾಗಳ ಲೆಕ್ಕ ಇಡುವ ಲೆಟರ್‌ಬಾಕ್ಸ್‌ಡ್, ಪುಸ್ತಕಗಳ ಲೆಕ್ಕ ಇಡುವ ಗುಡ್‌ರೀಡ್ಸ್ ಎರಡೂ ತಾಣಗಳಿಂದ ನಿಮ್ಮ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಲ್ಲಿ ತೆರೆಯಬಲ್ಲ ಸರಳ ಕೋಷ್ಟಕ) ಇಳಿಸಿಕೊಳ್ಳಬಹುದು. ಆರು ತಿಂಗಳಿಗೊಮ್ಮೆ ಇಳಿಸಿಕೊಳ್ಳಿ. ನಾನು ಮೊದಲು ಬಳಸುತ್ತಿದ್ದ ಒಂದು ಆ್ಯಪ್ ಬಾಗಿಲು ಮುಚ್ಚಿದಾಗ ನಾಲ್ಕು ವರ್ಷಗಳ ಲೆಕ್ಕವೂ ಅದರ ಜೊತೆಗೇ ಹೋಯಿತು.