ಕಂಪ್ರೆಸರ್ ಬೆಂಜ್ ಮತ್ತು ನಾನೇ ಕಡೆದ ಪುಲ್ಲಿ

ದಾವಣಗೆರೆಯಲ್ಲಿ ನಮ್ಮದೊಂದು ಲೇತ್ ಅಂಗಡಿ. ರೈಸ್ ಮಿಲ್ಲಿನ ಶಾಫ್ಟು, ಬೋರ್‌ವೆಲ್ ಪಂಪಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು, ಇವೇ ನಮ್ಮ ಅನ್ನ. ಅಂಥವನು 2019ರಲ್ಲಿ ಹನ್ನೆರಡು ವರ್ಷ ಹಳೆಯ ಮರ್ಸಿಡಿಸ್ ಎಸ್‌ಎಲ್‌ಕೆ 200 ಕಂಪ್ರೆಸರ್ ತಂದು ನಿಲ್ಲಿಸಿದಾಗ ಬೀದಿಯವರೆಲ್ಲ ನೋಡಲು ಬಂದರು. ಎರಡೇ ಸೀಟು. ತಗಡಿನ ಟಾಪು 22 ಸೆಕೆಂಡಿನಲ್ಲಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತದೆ. ಮುಚ್ಚಿದರೆ ಕೂಪೆ, ತೆಗೆದರೆ ಬರೀ ಧೂಳು. ಅವ್ವ ಗಾಡಿಗೆ ಒಂದು ಸುತ್ತು ಹಾಕಿ, "ನಿನ್ನ ಹೆಂಡ್ತಿ ಕೂತ್ರೆ ನಾನೆಲ್ಲಿ ಕೂರ್ಲೋ?" ಅಂದಳು. ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಪಂಕ್ಚರ್ ಅಂಗಡಿ ಹುಡುಗ ಗಾಡಿ ಮೇಲಿನ ಅಕ್ಷರ ಓದಿಕೊಂಡು, "ಅಣ್ಣಾ, ಕಂಪ್ರೆಸರ್ ಅಂತ ಐತಲ್ಲ, ಇದ್ರಾಗೆ ಗಾಳಿನೂ ಹೊಡ್ಕಬೋದಾ?" ಅಂದ.

ಅವನು ಕೇಳಿದ್ದು ಪೂರ್ತಿ ತಪ್ಪಲ್ಲ. ಎಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಸೂಪರ್‌ಚಾರ್ಜರ್‌ಗೆ ಜರ್ಮನಿಯವರು ಇಟ್ಟ ಹೆಸರು ಅದು. ಟರ್ಬೋ ಆದರೆ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ ತಿರುಗುತ್ತದೆ. ಇದು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ. ಹಾಗಾಗಿ ಕಾಲಿಟ್ಟ ಕೂಡಲೇ ಎಳೆತ ಬರುತ್ತದೆ, ಕಾಯುವುದಿಲ್ಲ. 1796 ಸಿಸಿ, ನಾಲ್ಕು ಸಿಲಿಂಡರ್, 163 ಕುದುರೆ. ಈಗಿನ ಲೆಕ್ಕದಲ್ಲಿ ಅಂಥ ದೊಡ್ಡ ನಂಬರೇನಲ್ಲ. ಆದರೆ ಬಾನೆಟ್ ಒಳಗಿನಿಂದ ಬರುವ ಆ ಸಣ್ಣ ಕೊಯ್ಯೋ ಶಬ್ದ ಇದೆಯಲ್ಲ, ನಾನು ಬಿದ್ದಿದ್ದು ಅದಕ್ಕೆ.

ಗಾಡಿ ಇದ್ದದ್ದು ಬೆಂಗಳೂರಿನಲ್ಲಿ. ಬೇರೆ ರಾಜ್ಯದ್ದು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಇಲ್ಲಿಗೆ ತಂದರೆ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದಕ್ಕೇ ಕೆಎ ನಂಬರಿನದೇ ಹುಡುಕಿದ್ದೆ. ಜೊತೆಗೆ ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅವರು ಗಾಡಿ ನೋಡಲೇ ಇಲ್ಲ. ಸೀದಾ ಬಾನೆಟ್ ಮೇಲೆ ಅಂಗೈ ಇಟ್ಟರು. ಬಿಸಿ ಇತ್ತು. ಮಾರುವವರು ನಾವು ಬರುವುದಕ್ಕೆ ಮೊದಲೇ ಎಂಜಿನ್ ಓಡಿಸಿ ಇಟ್ಟಿದ್ದರು. "ಸರ್, ನಾಳೆ ಬೆಳಗ್ಗೆ ಏಳಕ್ಕೆ ಬರ್ತೀವಿ. ಅಲ್ಲೀ ತನ್ಕ ಚಾವಿ ತಿರುಗಿಸ್ಬೇಡ್ರಿ" ಅಂತ ಹೇಳಿ ಹೊರಟೇಬಿಟ್ಟರು. ನನಗೆ ರಾತ್ರಿ ಲಾಡ್ಜಿನ ಖರ್ಚು.

ಬೆಳಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದರೆ ಮೊದಲ ಮೂರು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಗಲಗಲ. ಆಮೇಲೆ ಎಲ್ಲ ನಯ. ಮೇಸ್ತ್ರಿ ನನ್ನ ಕಡೆ ನೋಡಿದರು. ಈ ಎಂಜಿನ್ನಿಗೆ ಹುಟ್ಟಿನಿಂದ ಬಂದ ರೋಗ ಅದು: ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆಗೆದು ಮುಚ್ಚಿಸುವ ಟೈಮಿಂಗ್ ಚೈನ್ ಉದ್ದವಾಗುತ್ತದೆ, ಅದು ಕೂರುವ ಕ್ಯಾಮ್ ಗೇರಿನ ಹಲ್ಲು ಸವೆಯುತ್ತದೆ. ಚೈನ್ ಹಲ್ಲು ಹಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಅಲ್ಲಿಗೇ ಮುಗಿಯಿತು. ಆ ಮೂರು ಸೆಕೆಂಡಿನ ಸದ್ದಿಗೆ ಒಂದೂವರೆ ಲಕ್ಷ ಇಳಿಸಿಕೊಂಡು ವ್ಯಾಪಾರ ಮುಗಿಸಿದೆ. 260 ಕಿಲೋಮೀಟರ್ ದೂರದ ಊರಿಗೆ ಅದನ್ನು ಓಡಿಸಲು ಮೇಸ್ತ್ರಿ ಬಿಡಲಿಲ್ಲ. ಟ್ರಕ್ಕಿನ ಮೇಲೆ ಹೇರಿಕೊಂಡು ಬಂದೆವು. ಚಿತ್ರದುರ್ಗದ ಗಾಳಿಯಂತ್ರ ಕಾಣುವ ಹೊತ್ತಿಗೆ ನನಗೆ ಮದುವೆ ದಿಬ್ಬಣದ ಖುಷಿ.

ಚೈನು, ಎರಡು ಕ್ಯಾಮ್ ಗೇರು, ಚೈನ್ ಬಿಗಿ ಹಿಡಿಯುವ ಟೆನ್ಶನರ್ ಎಲ್ಲ ಹೊಸದು ಹಾಕಿದೆವು. ಹಳೇ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ಪಕ್ಕಪಕ್ಕ ನೇತು ಹಾಕಿದೆ. ಕೊಂಡಿ ಲೆಕ್ಕ ಒಂದೇ, ಆದರೆ ಹಳೇದು ಐದಾರು ಮಿ.ಮೀ. ಕೆಳಗಿತ್ತು. ಅಷ್ಟೇ ವ್ಯತ್ಯಾಸ.

ಆಮೇಲೆ ಸೂಪರ್‌ಚಾರ್ಜರ್ ಬಿಚ್ಚಿದೆವು. ಬೆಂಚಿನ ಮೇಲೆ ಇಟ್ಟ ಕೂಡಲೇ ನನಗೆ ನಗು ಬಂತು. ಇದು ನಮ್ಮ ಹಳೇ ಪರಿಚಯ! ಕೊಳಚೆ ನೀರಿನ ಪ್ಲಾಂಟಿನಲ್ಲಿ ಟ್ಯಾಂಕಿಗೆ ಗಾಳಿ ನುಗ್ಗಿಸುವ ರೂಟ್ಸ್ ಬ್ಲೋವರ್ ಇರುತ್ತದಲ್ಲ, ಅದರ ಮರಿ. ಅಂಥವಕ್ಕೆ ನಾನು ಎಷ್ಟೋ ಸಲ ಬೇರಿಂಗ್ ಹಾಕಿಕೊಟ್ಟಿದ್ದೇನೆ. ಎರಡು ರೋಟರ್, ಒಂದಕ್ಕೊಂದು ಎದುರು ತಿರುಗುತ್ತವೆ, ಆದರೆ ತಾಗುವುದಿಲ್ಲ. ನಡುವೆ ಕೂದಲಿನಷ್ಟು ಸಂದು, ಅದನ್ನು ಕಾಯುವುದು ತುದಿಯ ಗೇರು. ಅಮೆರಿಕದ ಇಂಡಿಯಾನದಲ್ಲಿ ಉಣ್ಣೆ ಮಿಲ್ ನಡೆಸುತ್ತಿದ್ದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ಕಾರು ಹುಟ್ಟುವುದಕ್ಕೆ ಮೊದಲೇ ಹುಟ್ಟಿದ ಸಾಮಾನು. ಹತ್ತಿ ಮಿಲ್ಲಿನ ಸೈರನ್ ಕೇಳಿ ಬೆಳೆದ ದಾವಣಗೆರೆಯವನಿಗೆ ಇದು ಮಿಲ್ಲಿನವರ ಕೈಕೆಲಸ ಅಂತ ಗೊತ್ತಾದಾಗ ಆದ ಸಂತೋಷವೇ ಬೇರೆ.

ಈಟನ್ ಕಂಪನಿಯ ಈ ಮರಿಯಲ್ಲಿ ಪ್ರತಿ ರೋಟರಿಗೂ ಮೂರು ರೆಕ್ಕೆ, ಜಡೆಯ ಹಾಗೆ ತಿರುಚಿದ್ದು. ನಮ್ಮ ದೊಡ್ಡ ಬ್ಲೋವರಿನ ರೆಕ್ಕೆ ನೇರ, ಅದಕ್ಕೇ ಅದು ಅಷ್ಟು ಬೊಬ್ಬೆ ಹೊಡೆಯುವುದು. ಗೇರಿಗೆಂದೇ ಒಳಗೆ ಬೇರೆ ಎಣ್ಣೆ ಇರುತ್ತದೆ. ಬದಲಿಸುವುದೇ ಬೇಡ ಅನ್ನುತ್ತಾರೆ. ನಾನು ಹೊರಗೆ ತೆಗೆದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಆ ವಾಸನೆ ಎರಡು ದಿನ ಕೈಯಿಂದ ಹೋಗಲಿಲ್ಲ. ಇದಕ್ಕೆ ಮಾತ್ರ ಸುಮ್ನೆ ಎಂಜಿನ್ ಆಯಿಲ್ ಸುರಿಯಬೇಡಿ. ಸೂಪರ್‌ಚಾರ್ಜರ್ ಎಣ್ಣೆಯೇ ಬೇಕು, ತರಿಸಿಕೊಳ್ಳಿ.

ಬಿಚ್ಚಿದ್ದರಿಂದ ಇನ್ನೊಂದು ಕಂಡಿತು. ಕೆಳಗೆ ಕೈ ಹೋಗದ ಜಾಗದಲ್ಲಿ ಬ್ರೀದರ್ ಹೋಸುಗಳಿವೆ. ಎಂಜಿನ್ನಿನ ಒಳಗಿನ ಆವಿಯನ್ನು ವಾಪಸ್ ಎಳೆದುಕೊಳ್ಳುವ ರಬ್ಬರ್ ಕೊಳವೆ. ಹಿಡಿದು ಎಳೆದರೆ ಹಪ್ಪಳದ ಹಾಗೆ ಪುಡಿಯಾಯಿತು. ಐಡ್ಲಿಂಗ್ ಏರಿಳಿಯುತ್ತಿದ್ದುದು, ಸಿಳ್ಳೆ ಬರುತ್ತಿದ್ದುದು, ಚೆಕ್ ಎಂಜಿನ್ ದೀಪ ಉರಿಯುತ್ತಿದ್ದುದು, ಮೂರಕ್ಕೂ ಇದೇ ಕಾರಣ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸಂದಿಯಲ್ಲೆಲ್ಲ ಮಣ್ಣು, ಹುಳ, ಒಣಗಿದ ಎಲೆ. ತೊಳೆದೆ. ಎಲ್ಲ ಜೋಡಿಸಿ ಹೈವೇಗೆ ಇಳಿಸಿದಾಗ ಬೇರೆಯದೇ ಗಾಡಿ. ಮೇಸ್ತ್ರಿ ಪಕ್ಕದಲ್ಲಿ ಕೂತು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಟಾಪಿನ ಕಥೆ ಚಿಕ್ಕದು, ನಾಚಿಕೆಯದು. ಒಂದು ದಿನ ಟಾಪು ತೆಗೆಯಲೇ ಇಲ್ಲ. ಹೈಡ್ರಾಲಿಕ್ ಪಂಪು ಹೋಯಿತು ಅಂತ ಎರಡು ದಿನ ಡಿಕ್ಕಿಯ ಕಾರ್ಪೆಟ್ ಎಲ್ಲ ಕಿತ್ತು ಹಾಕಿದೆ. ಕೊನೆಗೆ ನೋಡಿದರೆ ಡಿಕ್ಕಿಯೊಳಗಿನ ಪರದೆಯನ್ನು ಎಳೆದು ಕೊಂಡಿ ಹಾಕಿರಲಿಲ್ಲ. ಅದು ಹಾಕದಿದ್ದರೆ ಟಾಪು ಅಲುಗುವುದಿಲ್ಲ, ಸಾಮಾನು ಜಜ್ಜಿಹೋಗದಿರಲಿ ಅಂತ ಹಾಗೆ ಮಾಡಿದ್ದಾರೆ. ಆಮೇಲೆ ಟಾಪು ಎತ್ತುವ ಒಂದು ಹೈಡ್ರಾಲಿಕ್ ಸಿಲಿಂಡರ್ ನಿಜವಾಗಲೂ ಎಣ್ಣೆ ಸೋರಿತು. ಜೆಸಿಬಿಗೆ ಸೀಲ್ ಹಾಕುವವರ ಹತ್ತಿರವೇ ಅಳತೆ ಕೊಟ್ಟು ಹಾಕಿಸಿದೆ. ಇಂದಿಗೂ ಸೋರಿಲ್ಲ. ಅಂದ ಹಾಗೆ ಈ ಮಾಡೆಲಿನಲ್ಲಿ ಸೀಟಿನೊಳಗಿಂದ ಕುತ್ತಿಗೆಗೆ ಬಿಸಿಗಾಳಿ ಊದುವ ವ್ಯವಸ್ಥೆಯೂ ಸಿಗುತ್ತಿತ್ತು. ದಾವಣಗೆರೆಯ ಏಪ್ರಿಲ್‌ಗೆ!

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಲೇತ್ ಇಟ್ಟುಕೊಂಡವನ ಕೈ ಸುಮ್ಮನಿರುವುದಿಲ್ಲ, ಅಲ್ವಾ? ಸೂಪರ್‌ಚಾರ್ಜರ್ ಪುಲ್ಲಿ ಸಣ್ಣದಾದರೆ ರೋಟರ್ ಜಾಸ್ತಿ ಸುತ್ತುತ್ತದೆ, ಗಾಳಿ ಜಾಸ್ತಿ, ಶಕ್ತಿ ಜಾಸ್ತಿ. ಎಲ್ಲರೂ ಮಾಡುವ ಕೆಲಸ. ಹೊರಗಿನಿಂದ ತರಿಸುವುದೇಕೆ ಅಂತ ನಾನೇ ಅಲ್ಯೂಮಿನಿಯಂ ರಾಡಿನಲ್ಲಿ ಕಡೆದೆ, ಮೂಲಕ್ಕಿಂತ 4 ಮಿ.ಮೀ. ಸಣ್ಣದು. ಪಟ್ಟಿ ಬೆಲ್ಟು ಕೂರುವ ಒಂದು ಗೀರಿನಿಂದ ಇನ್ನೊಂದಕ್ಕೆ 3.56 ಮಿ.ಮೀ., ಗೀರಿನ ಕೋನ 40 ಡಿಗ್ರಿ. ಟೂಲನ್ನು ಆ ಕೋನಕ್ಕೆ ಉಜ್ಜಿಕೊಂಡೆ. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು ಮಿ.ಮೀ.ನ ನೂರರಲ್ಲಿ ಎರಡು ಪಾಲೂ ಅಲುಗಬಾರದು. ಮೊದಲನೆಯದು ಅಲುಗಿತು, ಗುಜರಿಗೆ. ಎರಡನೆಯದೂ ಗುಜರಿಗೆ. ಮೂರನೆಯದು ಕೂತಿತು. ಬ್ಯಾಲೆನ್ಸಿಂಗ್ ಮಾಡಿಸಿಕೊಂಡು ಹಾಕಿದೆ.

ಜನವರಿಯ ಬೆಳಗ್ಗೆ ಆರು ಗಂಟೆಗೆ ಆ ಗಾಡಿ ಹಾರಿತು. ಹರಿಹರದ ತನಕ ಹೋಗಿ ಬರುವಷ್ಟರಲ್ಲಿ ಇಡೀ ಊರಿಗೆ ಹೇಳಬೇಕು ಅನಿಸಿತ್ತು. ಮಾರ್ಚ್ ಕೊನೆಯಲ್ಲಿ ಮಧ್ಯಾಹ್ನ ಚಿತ್ರದುರ್ಗಕ್ಕೆ ಹೊರಟೆ. ಕಾಲೊತ್ತಿದರೆ ಎತ್ತಿನ ಗಾಡಿ. ಪುಲ್ಲಿ ಹಾಕುವ ಮುಂಚೆ ಇದ್ದದ್ದಕ್ಕಿಂತ ಮಂಕು. ಮೇಸ್ತ್ರಿ ಸ್ಕ್ಯಾನರ್ ಹಾಕಿ ತೋರಿಸಿದರು. ಗಾಳಿಯನ್ನು ಜಾಸ್ತಿ ಒತ್ತಿದರೆ ಅದು ಜಾಸ್ತಿ ಬಿಸಿಯಾಗುತ್ತದೆ. ಹೊರಗೇ ಬೆಂಕಿಯಂಥ ಬಿಸಿಲು, ಇಂಟರ್‌ಕೂಲರ್ ಏನು ಮಾಡೀತು? ಬಿಸಿ ಗಾಳಿಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯುತ್ತದೆ, ಅದನ್ನು ತಡೆಯಲು ಎಂಜಿನ್ನಿನ ಕಂಪ್ಯೂಟರ್ ಇಸಿಯು ಸ್ಪಾರ್ಕನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಪೆಟ್ರೋಲ್ ಹಾಗೆ ಸಿಡಿಯದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆಯೇ ಆಕ್ಟೇನ್. ಕಂಪನಿಯವರು ಹೇಳಿದ್ದು 95 ಆಕ್ಟೇನ್, ನಾನು ಹಾಕುತ್ತಿದ್ದದ್ದು ಮಾಮೂಲಿ 91. "ನಿಮ್ ಪುಲ್ಲಿ ಚಲೋ ಐತ್ರಿ, ನಮ್ ಬಿಸ್ಲು ಚಲೋ ಇಲ್ಲ" ಅಂದರು ಮೇಸ್ತ್ರಿ.

ಮೂಲ ಪುಲ್ಲಿಯೇ ವಾಪಸ್ ಹೋಯಿತು. ಇನ್ನೊಂದು ಕಾರಣವೂ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರ ಮುಂದೆ ನನ್ನ ಲೇತಿನ ಕಥೆ ಹೇಳಿಕೊಂಡು ಕೂರಬೇಕಾಗುತ್ತದೆ.

ಇನ್ನು ಕಾಗದದ ವಿಷಯ. 2022ರ ಮಧ್ಯದಲ್ಲಿ ಗಾಡಿಗೆ ಹದಿನೈದು ತುಂಬಿತು. ಆ ವರ್ಷ ಏಪ್ರಿಲ್ 1ರಿಂದ ಆರ್‌ಸಿ ನವೀಕರಣದ ಶುಲ್ಕ ಏರಿತ್ತು: ಇಲ್ಲಿಯ ಕಾರಿಗೆ 5000, ಆಮದು ಕಾರಿಗೆ 40,000. ನನ್ನದು ಹಡಗಿನಲ್ಲಿ ಬಂದದ್ದು. ಎರಡು ಮೂರು ತಿಂಗಳ ಅಂತರದಲ್ಲಿ ಸಿಕ್ಕಿಹಾಕಿಕೊಂಡೆ. ಮನೆಯಲ್ಲಿ ನಿಜವಾದ ಮೊತ್ತ ಹೇಳಿಲ್ಲ. ಹಳೇ ಆಮದು ಗಾಡಿ ನೋಡುವವರು ಬೆಲೆಯ ಜೊತೆಗೆ ಇದನ್ನೂ ಕೂಡಿಸಿಕೊಳ್ಳಿ.

ಹೋದ ತಿಂಗಳು ಚಿತ್ರದುರ್ಗದಿಂದ ಒಬ್ಬ ಹುಡುಗ ಬಂದ. ಅವನದು ಸಿ-ಕ್ಲಾಸ್ ಕಂಪ್ರೆಸರ್, ಎಂಜಿನ್ ಇದೇ ಜಾತಿಯದು. "ಅಣ್ಣಾ, ನಿಮ್ಮ ಪುಲ್ಲಿ ವಿಷ್ಯ ಕೇಳಿ ಬಂದೆ. ನಂಗೂ ಒಂದು ಮಾಡ್ಕೊಡ್ರಿ, ಗಾಡಿ ಎಳೀತಾ ಇಲ್ಲ" ಅಂದ. ಎಂಜಿನ್ ಓಡುತ್ತಲೇ ಇತ್ತು, ಸಿಳ್ಳೆ ಅಂಗಡಿಯೊಳಗೇ ಕೇಳುತ್ತಿತ್ತು. ಆಫ್ ಮಾಡಿಸಿ ಬಾನೆಟ್ ಎತ್ತಿಸಿದೆ. ಅವನ ಕೈ ಸಣ್ಣದು, ನನಗೆ ಸಿಗದ ಸಂದಿಯೊಳಗೆ ಸುಲಭವಾಗಿ ಹೋಯಿತು. ಹೊರಗೆ ಬಂದಾಗ ಮುಷ್ಟಿಯಲ್ಲಿ ರಬ್ಬರಿನ ನಾಲ್ಕು ಚೂರು.